ಅವ್ವನಿಗೆ ಅರ್ಧ ತಾಸು

ಸೇಡಂ, ಬುಧವಾರ

ಪ್ರಲ್ಹಾದಣ್ಣನಿಗೆ,

ಕ್ಷೇಮ ವಿಚಾರಿಸುವಷ್ಟು ಸಿಟ್ಟು ಇಳಿದಿಲ್ಲ. ನಿನ್ನೆ ಅವ್ವನ ಶ್ರಾದ್ಧವೆಂದು ಬಾಳೆ ಎಲೆ, ತುಳಸಿ ಹಿಡಿದು ವಾಡಿಯ ನಿನ್ನ ಮನೆಗೆ ಬಂದರೆ ನೀನು ಉಪ್ಪಿಟ್ಟು ತಿನ್ನುತ್ತಾ ಕುಳಿತಿದ್ದೆ. "ಇನ್ನಾ ಹನ್ನೊಂದು ದಿನ ಅದ, ಮೊಬೈಲ್ ಕ್ಯಾಲೆಂಡರ್‌ನಾಗ ಹಾಕೀನಿ ನೋಡು" ಅಂದೆ!

ಹೋದ ವರ್ಷದ ತಾರೀಖನ್ನೇ ಪ್ರತಿ ವರ್ಷ ನೆನಪಿಸು ಎಂದು ಒತ್ತಿಬಿಟ್ಟರೆ ತಿಥಿ ಅದೇ ದಿನ ಬರುತ್ತದೆಯೇ? ಯುಗಾದಿಗೊಮ್ಮೆ ಹೊಸ ಪಂಚಾಂಗ ನೋಡಿ ಹೊಸದಾಗಿ ಹಾಕು. ವಾರ ಮೊದಲೊಮ್ಮೆ, ಹಿಂದಿನ ದಿನವೊಮ್ಮೆ ಗಂಟೆ ಬಾರಿಸುವಂತೆ ಇಡು. ನನ್ನ ಫೋನಿಗೂ ಕಳಿಸು.

ಇನ್ನೊಂದು ಮಾತು. ನಿನ್ನ ಆ ಕ್ಯಾಲೆಂಡರ್‌ನಲ್ಲಿ ಅವ್ವನ ಶ್ರಾದ್ಧಕ್ಕೆ ಅರ್ಧ ತಾಸು ಇಟ್ಟಿದ್ದೀ, ಕೆಳಗೆ ಬೈಕ್ ಸರ್ವೀಸಿಂಗ್‌ಗೆ ಎರಡು ತಾಸು. ತಪ್ಪಿದ ತಿಥಿಗೆ ಆಚಾರ್ಯರು ದಾರಿ ಹೇಳಿಯಾರು. ಇದನ್ನು ಮಾತ್ರ ನೀನೇ ತಿದ್ದಬೇಕು.

ನಿನ್ನ ತಂಗಿ,
ವೈಜಯಂತಿ