ನಿನ್ನ ತಂಬೂರಿಗೆ ಸ್ಕ್ಯಾನ್ ಮಾಡಿಸಿದೆ

ಅಪ್ಪಾ,

ಕೋಪ ಮಾಡಿಕೊಳ್ಳಬೇಡ. ನೀನು ಬೇಡ ಅಂದದ್ದನ್ನೇ ಮಾಡಿದ್ದೇನೆ.

ಗುಂಡ್ಲುಪೇಟೆಯಲ್ಲಿ ಬಸ್ಸಿನಿಂದ ಇಳಿಯುವಾಗ ತಂಬೂರಿ ನಿನ್ನ ಹೆಗಲಿಂದ ಜಾರಿ ಬಿತ್ತಲ್ಲ, ಆ ದಿನ ನೆನಪಾಗುತ್ತದೆ. ಮರದ ಬುರುಡೆಯ ಮೇಲೆ ಕೂದಲೆಳೆಯಷ್ಟು ಬಿರುಕು. ನಿನ್ನ ಜೊತೆಗೇ ಪದ ಕಲಿತ ಸಿದ್ದಮಾವ ಅಲ್ಲೇ ಅಂದುಬಿಟ್ಟ: "ಗುರು ಕೊಟ್ಟುದ್ನ ಒಡ್ದಾಕ್ಬುಟ್ಟಲ್ಲೊ! ಮೊಟ್ಟೆ ಕೊಟ್ಟಿದ್ರೂ ಇದ್ಕಿಂತ ಉಸಾರಾಗಿ ಇಡ್ಕತಿದ್ದೆ." ಅವನು ನಗಿಸಲು ಅಂದದ್ದು. ನೀನು ನಗಲಿಲ್ಲ. ಆಮೇಲೆ ಯಾರ ಮನೆ ಮುಂದೆಯೂ ಪದ ಹಾಡಲಿಲ್ಲ.

ಹಳೆಯ ವಾದ್ಯ ಹುಡುಕುತ್ತ ಮ್ಯೂಸಿಯಂನವರು ನಮ್ಮ ಚಂದಕವಾಡಿಗೆ ಬಂದಾಗ ನೀನಿನ್ನೂ ಇದ್ದೆ. ತಂಬೂರಿಗೆ ಹುಳು ಹಿಡಿದಿದೆ, ಎಲ್ಲಿ ಕೊರೆದಿದೆಯೆಂದು ಬಿಚ್ಚದೆಯೇ ಸ್ಕ್ಯಾನ್‌ನಲ್ಲಿ ನೋಡಿ ಉಳಿಸಬಹುದು ಎಂದರು. "ಬ್ಯಾಡ ಕಣ್ಲಾ," ಅಂದೆ ನೀನು. "ನಾನು ಒಡ್ದಾಕಿರೋದ್ಕೆ ಪೋಟೋ ಬೇರೆ ಬೇಕಾ?" ನಾನು ಎರಡನೇ ಸಲ ಕೇಳಲೇ ಇಲ್ಲ. ಅದನ್ನು ಮರ್ಯಾದೆ ಎಂದುಕೊಂಡಿದ್ದೆನಲ್ಲ...

ನೀನು ಹೋದ ಮೇಲೆ ಬುರುಡೆಯಿಂದ ಹುಡಿ ಉದುರತೊಡಗಿತು. ಮ್ಯೂಸಿಯಂನವರಿಗೆ ಕೊಟ್ಟುಬಿಟ್ಟೆ. ಅವರು ನನ್ನನ್ನೂ ಕರೆದುಕೊಂಡು ಅದನ್ನು ಮೈಸೂರಿನ ಒಂದು ಆಸ್ಪತ್ರೆಗೆ ಒಯ್ದು, ರೋಗಿಗಳ ಸರದಿ ಮುಗಿದ ಮೇಲೆ ಸ್ಕ್ಯಾನ್ ಯಂತ್ರದಲ್ಲಿ ದಿಂಬಿಟ್ಟು ಮಲಗಿಸಿದರು. ರೋಗಿಯ ಹೆಸರು ಕೊಡದೆ ಯಂತ್ರ ಮುಂದಕ್ಕೆ ಹೋಗದಂತೆ. ಮಾದಪ್ಪ ಎಂದು ನಿನ್ನ ಹೆಸರನ್ನೇ ಹೇಳಿದೆ. ಪರದೆಯ ಮೇಲೆ ಮರ ಪದರ ಪದರವಾಗಿ ಬಿಚ್ಚಿಕೊಂಡಿತು. ಹುಳು ಕೊರೆದ ದಾರಿಗಳು, ನಿನ್ನ ಬಿರುಕು, ಬಿರುಕಿನ ಒಳಮಗ್ಗುಲಲ್ಲಿ ಬೆಳ್ಳಗೆ ಏನೋ.

"ಏನಮ್ಮ ಅದು?" ಎಂದು ಸ್ಕ್ಯಾನ್ ಮಾಡುವ ಹುಡುಗಿಯನ್ನು ಕೇಳಿದೆ.

"ತಗಡಿನ ಪಟ್ಟಿ ಸಾರ್. ಒಳಗಿಂದ ಮೊಳೆ ಹೊಡ್ದವ್ರೆ."

ಮೇಲಿನ ಹಲಗೆ ಬಿಚ್ಚದೆ ಒಳಗೆ ಮೊಳೆ ಹೊಡೆಯಲಾಗದು. ನೀನು ಒಮ್ಮೆಯೂ ಬಿಚ್ಚಿದವನಲ್ಲ. ಅಂದರೆ, ನಿನ್ನ ಕೈಗೆ ಬರುವ ಮೊದಲೇ ಗುರು ಆ ಬಿರುಕಿಗೆ ಪಟ್ಟಿ ಹೊಡೆಸಿ ಮೇಲೆ ಬಣ್ಣ ಬಳಿಸಿದ್ದರು. ಅಪ್ಪಾ, ಬಿದ್ದಾಗ ಮೇಲಿನ ಬಣ್ಣ ಎದ್ದು ಹಳೆಯ ಬಿರುಕು ಕಂಡಿತು, ಅಷ್ಟೆ. ಒಡೆದದ್ದು ನೀನಲ್ಲ.

ನಿನ್ನ ಮಾತು ಮೀರಿದ್ದು ತಪ್ಪೋ, ನೀನಿದ್ದಾಗಲೇ ಮೀರದೆ ಹೋದದ್ದು ತಪ್ಪೋ? ಇನ್ನೊಂದು ಸಲ ಕಾಡಿಸಿದ್ದರೆ ನೀನು ಬೈದಾದರೂ ಒಪ್ಪುತ್ತಿದ್ದೆ. ನಿನಗೆ ನೆಮ್ಮದಿ ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಪದ ಕೇಳುತ್ತಿತ್ತು.

ಚಿತ್ರ ಹಿಡಿದು ಸಿದ್ದಮಾವನ ಮನೆಗೆ ಹೋದೆ. ಎಲ್ಲ ಬಿಡಿಸಿ ಹೇಳಿದೆ. "ನಾನು ತಮಾಸೆಗಂದೆ ಕಣ್ಲಾ," ಅಂದ. "ಅವ್ನು ಅದ್ನೇ ನಂಬ್ಕಂಡು ಓಗ್ಬುಟ್ನಾ?" ಅವನು ಗೋಡೆ ಹಿಡಿದು ಎದ್ದ. ಬೀದಿಗೆ ಇಳಿದವನೇ ಇದ್ದಬದ್ದ ದನಿಯನ್ನೆಲ್ಲ ತೆಗೆದು ಕೂಗಿದ:

"ಕೇಳ್ರಪ್ಪೋ! ನಮ್ ಮಾದ ಒಡ್ದಿಲ್ಲ! ತಂಬೂರಿನ ಅವ್ನು ಒಡ್ದಿಲ್ಲ!"

ಒಂದೊಂದೇ ಬಾಗಿಲು ತೆರೆಯಿತು. ನಾನೂ ನಮ್ಮ ಮನೆಯ ಕಡೆ ತಿರುಗಿ ನೋಡಿಬಿಟ್ಟೆ, ನೀನೂ ಹೊರಗೆ ಬರುತ್ತೀಯೇನೋ ಎಂದು...