ಎಂಟು ಇಗ್ಲಿಕಾ ಹೂಗಳು

ಅಸೆನೊವ್‌ಗ್ರಾದ್, ಮಾರ್ಚ್ 24, ಭಾನುವಾರ

ಪ್ರೀತಿಯ ಸ್ತೊಯಾಂಕಕ್ಕಾ,

ನಿನ್ನ ಮಂಡಿನೋವಿನ ವಿಷಯ ಆಮೇಲೆ ಕೇಳುತ್ತೇನೆ, ಮೊದಲು ನನ್ನ ಹೊಟ್ಟೆಯುರಿ ಕೇಳು. ನಮ್ಮ ಯಜಮಾನರು ದೊಬ್ರಿ ಮೂರು ವರ್ಷದಿಂದ ವಸಂತ ಬಂದರೆ ಸಾಕು, ಭಾನುವಾರ ತಪ್ಪದೆ ಗುಡ್ಡ ಹತ್ತುತ್ತಾರೆ. ಮನೆಯಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ! ಮೊನ್ನೆ ಫೋನಿನಲ್ಲಿ ಯಾರಿಗೋ, "ಭಾನುವಾರ ಇಗ್ಲಿಕಾ ನೋಡ್ಕೊಂಡು ಬರ್ತೀನಿ" ಅಂದರು, ಅದೂ ಪಿಸುದನಿಯಲ್ಲಿ. ಇಗ್ಲಿಕಾ ಅಂದರೆ ಹೆಂಗಸಿನ ಹೆಸರಲ್ಲವೇ!

ಇವತ್ತು ಹಿಂದೆಯೇ ಹೋದೆ. ಸಿಕ್ಕಿಬಿದ್ದರೆ ಇರಲಿ ಎಂದು ನೆಪವೂ ಇತ್ತು: ಕೈಯಲ್ಲಿದ್ದ ಮಾರ್ಚ್ ತಿಂಗಳ ಕೆಂಪು-ಬಿಳಿ ದಾರವನ್ನು ಹೂಬಿಟ್ಟ ಮರಕ್ಕೆ ಕಟ್ಟಬೇಕಲ್ಲ. ಮೇಲಿನ ಹಳ್ಳಿಯ ನೀರಿನ ಕಟ್ಟೆಯ ಹತ್ತಿರ, ಗೋಡೆಗೆ ಅಂಟಿಸಿದ ಮರಣದ ಚೀಟಿಗಳ ಮುಂದೆ ಅವರು ನಿಂತರು. ಏದುಸಿರು ಇರಬೇಕು ಅಂದುಕೊಂಡೆ.

ಆಮೇಲೆ ಗುಡ್ಡದ ಓರೆ. ಅಬ್ಬಾ ಅಕ್ಕಾ, ಹುಲ್ಲೇ ಕಾಣದಷ್ಟು ಹಳದಿ ಹೂ! ನಮ್ಮ ಯಜಮಾನರು ಮಂಡಿಯೂರಿ ಒಂದೊಂದೇ ಆರಿಸಿ ಕೀಳುತ್ತಿದ್ದರು. ತಡೆಯಲಾಗದೆ ಕೂಗಿಯೇಬಿಟ್ಟೆ, "ಯಾರ್ರೀ ಆ ಇಗ್ಲಿಕಾ? ಎಲ್ಲಿ ಬಚ್ಚಿಟ್ಟಿದ್ದೀರಿ?"

ಬೆಚ್ಚಿಬಿದ್ದರು. ಆಮೇಲೆ ಗಹಗಹಿಸಿ ನಕ್ಕರು. "ಅಯ್ಯೋ ಪೆದ್ದಿ! ಗುಡ್ಡದ ತುಂಬಾ ಇಗ್ಲಿಕಾಗಳೇ. ಯಾವಳ ಜುಟ್ಟು ಹಿಡೀತೀಯೋ ಹಿಡಿ!"

ಆ ಹಳದಿ ಹೂವಿನ ಹೆಸರೂ ಇಗ್ಲಿಕಾ ಅಲ್ಲವೇ! ನನ್ನ ಸಂಶಯದ ತಲೆಗೆ ಹೆಂಗಸೇ ಹೊಳೆದಿದ್ದು. ನಾಚಿಕೆಯಿಂದ ಸತ್ತುಹೋದೆ. ಹೂಗೊಂಚಲನ್ನು ನನ್ನ ಕೈಗಿಟ್ಟು, "ತಗೋ, ನಿನಗೇ" ಅಂದರು. ದಾರಿಯುದ್ದಕ್ಕೂ ಹೊಸ ಮದುವಣಗಿತ್ತಿಯಂತೆ ನಡೆದುಬಂದೆ.

ಮನೆಯಲ್ಲಿ ಗ್ಲಾಸಿಗೆ ನೀರು ತುಂಬಿ ಹೂವಿಡುವಾಗ ಎಣಿಸಿದೆ. ಎಂಟು. ಮತ್ತೆ ಎಣಿಸಿದರೂ ಎಂಟೇ. ಬದುಕಿರುವವರಿಗೆ ಬೆಸ, ಸತ್ತವರಿಗೆ ಸಮ. ಇದು ಗೊತ್ತಿಲ್ಲದ ಮಗುವೂ ನಮ್ಮಲ್ಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದ ಕಂಡಕ್ಟರ್ ನಮ್ಮ ಯಜಮಾನರು, ಲೆಕ್ಕ ತಪ್ಪುತ್ತಾರೆಯೇ?

"ಎಂಟಿದೆಯಲ್ರೀ" ಅಂದೆ. ಅವರ ಮುಖ ಬಿಳಿಚಿಕೊಂಡಿತು. "ಒಂದು ತೆಗೆದುಬಿಡು" ಎಂದು ಎದ್ದು ಹೋದರು. ಆಮೇಲೆ ಊಟಕ್ಕೂ ಬರಲಿಲ್ಲ.

ಆ ಹೂ ನನಗಾಗಿ ಕಿತ್ತದ್ದಲ್ಲ ಅಕ್ಕಾ. ಹಾಗಾದರೆ ಯಾರಿಗೆ?

ನಿನ್ನ ತಂಗಿ,
ವೆಲಿಕಾ

ಮಂಗಳವಾರ ಸೇರಿಸಿದ್ದು: ಕಾಗದ ಇನ್ನೂ ಅಂಚೆಗೆ ಹಾಕಿರಲಿಲ್ಲ. ನಿನ್ನೆ ಒಬ್ಬಳೇ ಆ ಕಟ್ಟೆಯವರೆಗೆ ಹೋಗಿ ಚೀಟಿಗಳನ್ನು ಓದಿದೆ. ಒಂದರಲ್ಲಿ ನಮ್ಮ ವಯಸ್ಸಿನ ಹೆಂಗಸಿನ ಫೋಟೊ. "ತೀರಿಕೊಂಡು ನಲವತ್ತು ದಿನ. ಇಗ್ಲಿಕಾ." ನಗುಮುಖ, ನನಗಿಂತ ಚೆಂದ. ಸತ್ತವಳ ಜುಟ್ಟು ಹೇಗೆ ಹಿಡಿಯಲಿ? ಎಷ್ಟು ಅತ್ತೆನೋ, ಯಾರಿಗಾಗಿ ಅತ್ತೆನೋ ಗೊತ್ತಿಲ್ಲ. ಮನೆಗೆ ಬಂದು ಹೂಗಳನ್ನು ತೆಗೆದುಕೊಂಡು ಮತ್ತೆ ಗುಡ್ಡ ಹತ್ತಿದೆ. ಆ ಹಳ್ಳಿಯ ಸ್ಮಶಾನದಲ್ಲಿ ಅವಳ ಸಮಾಧಿ ಹುಡುಕಿ, ಎಂಟನ್ನೂ ಅದರ ಮೇಲಿಟ್ಟು ಬಂದೆ. ಅವರಿಗೆ ಹೇಳಿಲ್ಲ. ಗ್ಲಾಸು ಯಾಕೆ ಖಾಲಿ ಎಂದು ಅವರೂ ಕೇಳಿಲ್ಲ.