ಕುದುರೆ ಕರಿ ಡಬ್ಬದಲ್ಲಿದೆ

ಮಾರ್ಚ್ 3

ಇವತ್ತೂ ಗಿರಾಕಿಗಳದ್ದು ಅದೇ ಪ್ರಶ್ನೆ. ಕರಿ ಡಬ್ಬವೋ, ಬಿಳಿ ಡಬ್ಬವೋ? ಎರಡು ಗೇಮ್ ಕನ್ಸೋಲ್‌ಗಳಿಗೆ ಅಂಗಡಿಯಲ್ಲಿ ನಾವಿಟ್ಟ ಹೆಸರು. ಬಿಳಿಯದರ ಸಬ್‌ಸ್ಕ್ರಿಪ್ಷನ್ ಇದ್ದರೆ ಹೊಸ ಗೇಮ್ ಬಿಡುಗಡೆಯ ದಿನವೇ ಆಡಬಹುದು. ಕರಿಯದರಲ್ಲಿ ಹಾಗಿಲ್ಲ. ಆದರೆ ಅದರಲ್ಲಿ ಮಾತ್ರ ಸಿಗುವ ಗೇಮ್‌ಗಳ ಮುಂದೆ ಬಿಳಿಯದು ಸಪ್ಪೆ. ಎಲ್ಲ ಬಾಯಿಪಾಠ.

ಮನೆಯಲ್ಲಿ ಮಗಳದೂ ಅದೇ ವರಾತ. ಅವಳ ಕುದುರೆ ಗೇಮ್ ಕರಿಯದರಲ್ಲಿ ಮಾತ್ರ. ಅವಳು ಮರಿಯಿಂದ ಸಾಕಿದ ಕುದುರೆ ಕ್ಲೌಡ್‌ನಲ್ಲಿ, ಕಂಪನಿಯ ಸರ್ವರಿನಲ್ಲಿ, ಭದ್ರವಾಗಿದೆ. ಆದರೆ ಅವಳ ಅಕೌಂಟ್ ಇರುವ ಫ್ಯಾಮಿಲಿ ಪ್ಲಾನ್ ಅವಳಪ್ಪನ ಹೆಸರಿನಲ್ಲಿ. ಲಾಗಿನ್ ಆದರೆ ಯಾವ ಊರಿನಿಂದ ಎಂದು ಅವನ ಫೋನಿಗೆ ಹೋಗುತ್ತದೆ. ನಾವು ಆ ಮನೆ ಬಿಟ್ಟು ಓಡಿ ಬಂದದ್ದೇ ಅವನ ಕಣ್ಣು ತಪ್ಪಿಸಲು.

ಮನೆಗೆ ಬಿಳಿಯದನ್ನೇ ತಂದುಕೊಟ್ಟೆ. ಮುಖ ಊದಿಸಿಕೊಂಡು ಕೂತಿದ್ದಾಳೆ... ಇರಲಿ.

ಮಾರ್ಚ್ 19

ಮಗಳು ಊಟ ಮುಟ್ಟಲಿಲ್ಲ. ಗದ್ದ ಹಿಡಿದು ಕೇಳಿದೆ. ಎದುರುಮನೆ ಗೆಳತಿಯ ಹತ್ತಿರ ಕರಿ ಡಬ್ಬ ಇದೆ. ಇವಳು ಅದರಲ್ಲಿ ತನ್ನ ಹಳೇ ಅಕೌಂಟ್ ತೆರೆದಿದ್ದಾಳೆ.

"ಕುದುರೆ ನೋಡ್ಬೇಕಿತ್ತಮ್ಮ. ಒಂದೇ ಸಲ."

"ಆಮೇಲೆ?"

"ಅದ್ರಲ್ಲೇ ಅಪ್ಪ ಮೆಸೇಜ್ ಮಾಡಿದ್ರು. ಹೊಸ ಊರು ಚೆನ್ನಾಗಿದ್ಯಾ ಪುಟ್ಟಿ, ಅಂತ."

ಎದ್ದು ಕಿಟಕಿಗಳ ಚಿಲಕ ಹಾಕಿದೆ.

ಮಾರ್ಚ್ 20

ಅಂಗಡಿ ಓನರ್ ಅಕ್ಕನಿಗೆ ಎಲ್ಲ ಹೇಳಿಬಿಟ್ಟೆ. "ಅಯ್ಯೋ ಹುಚ್ಚಿ, ಮೊದ್ಲೇ ಹೇಳ್ಬಾರ್ದಿತ್ತಾ?" ಎಂದರು. ಇನ್ನು ಮಗಳು ಶಾಲೆ ಬಿಟ್ಟ ಕೂಡಲೇ ಅಂಗಡಿಗೆ. ಸ್ಟಾಕ್ ರೂಮಿನಲ್ಲಿ ಹೋಂವರ್ಕ್. ಬಾಗಿಲು ಕಿರ್ ಎಂದಾಗಲೆಲ್ಲ ಬೆಚ್ಚಿಬೀಳುತ್ತೇನೆ.

ಮಾರ್ಚ್ 24

ಅಕ್ಷರ ನೆಟ್ಟಗಿಲ್ಲ. ಮಣಿಕಟ್ಟು ಊದಿದೆ.

ಸಂಜೆ ಅವನು ಬಂದ. ಚಿಕ್ಕ ಊರು, ಕೇಳಿಕೊಂಡು ಹುಡುಕಿರಬೇಕು. ಇಸ್ತ್ರಿ ಮಾಡಿದ ಶರ್ಟ್, ನಗುಮುಖ. ಯಾರೋ ಗಿರಾಕಿಯ ಹಾಗೆ ಕೌಂಟರಿಗೆ ಮೊಣಕೈ ಊರಿದ.

"ಮಗಳಿಗೆ ಕೊಡ್ಬೇಕು ಮೇಡಂ. ಯಾವ್ದು ಒಳ್ಳೇದು?"

ನನ್ನ ಮುಖ ನೋಡಿಯೇ ಅಕ್ಕನಿಗೆ ಗೊತ್ತಾಯಿತು. ಫೋನ್ ಹಿಡಿದು ಮೆಲ್ಲಗೆ ಹಿಂದೆ ಸರಿದರು. ಪೊಲೀಸರು ಬರುವ ತನಕ ಇವನನ್ನು ಮಾತಿನಲ್ಲೇ ಕಟ್ಟಿಹಾಕಬೇಕು. ಗೋಡೆಯಾಚೆ ಮಗಳಿದ್ದಾಳೆ.

ಶುರುಮಾಡಿದೆ. ಬಿಳೀದ್ರಲ್ಲಿ ನೂರಾರು ಗೇಮ್ ಇದೆ ಸರ್. ಕರೀದ್ರಲ್ಲಿ ತಿಂಗಳಿಗೆ ಕೆಲವೇ, ಆದ್ರೆ ಆಯ್ದು ಕೊಡ್ತಾರೆ... ಅವನು ತಲೆಯಾಡಿಸುತ್ತ ಸ್ಟಾಕ್ ರೂಮಿನ ಬಾಗಿಲನ್ನೇ ನೋಡುತ್ತಿದ್ದ.

"ಪ್ಲಾನ್ ಬಿಟ್ಟು ಹೋದೋರು ವಾಪಸ್ ಬಂದ್ರೆ ಎಲ್ಲಾ ಮೊದ್ಲಿನ ಹಾಗೇ ಇರತ್ತಾ?"

"ಇರಲ್ಲ ಸರ್."

ಅದು ಹೇಗೆ ಬಾಯಿಂದ ಬಂತೋ! ಅವನ ನಗು ಹಾರಿಹೋಯಿತು. ಕೌಂಟರ್ ಮೇಲಿಂದ ಬಾಗಿ ನನ್ನ ಮಣಿಕಟ್ಟು ಹಿಡಿದು ತಿರುಚಿದ. ಅಕ್ಕ ಕಿರುಚಿದರು. ಅಷ್ಟರಲ್ಲಿ ಪೊಲೀಸರು.

ಕರೆದೊಯ್ಯುವಾಗ ಬಾಗಿಲಲ್ಲಿ ತಿರುಗಿ ತಣ್ಣಗೆ ಹೇಳಿದ —

"ಪ್ಲಾನ್ ಕ್ಯಾನ್ಸಲ್ ಮಾಡಲ್ಲ. ಅವಳ ಕುದುರೆ ನನ್ನ ಹತ್ರಾನೇ ಇರತ್ತೆ."

ಮಾರ್ಚ್ 25

ಪೊಲೀಸರು ಎಚ್ಚರಿಕೆ ಕೊಟ್ಟು ಅವನನ್ನು ಬಿಟ್ಟರಂತೆ. ಬಿಟ್ಟೇಬಿಟ್ಟರು! ನಾವು ಅಕ್ಕನ ಮನೆಯಲ್ಲಿದ್ದೇವೆ. ಗೋಡೆಯಾಚೆಯಿಂದ ಮಗಳು ಎಲ್ಲ ಕೇಳಿಸಿಕೊಂಡಿದ್ದಾಳೆ.

"ಆ ಕುದುರೆ ಸತ್ತೋಯ್ತು ಅಂದ್ಕೊಳ್ತೀನಮ್ಮ" ಎಂದಳು. ಜೊತೆಗೆ ತಂದಿದ್ದ ಬಿಳಿಯದರ ಕಂಟ್ರೋಲರ್ ಕೈಗೆತ್ತಿಕೊಂಡಳು. ಟಿವಿ ಹಾಕಲೇ ಇಲ್ಲ. ಸುಮ್ಮನೆ ಹಿಡಿದು ಕೂತಿದ್ದಾಳೆ. ಅತ್ತಿದ್ದರೆ ತಬ್ಬಿಕೊಳ್ಳಬಹುದಿತ್ತು. ಹೀಗೆ ಕಲ್ಲಿನ ಹಾಗೆ ಕೂತರೆ ನಾನು ಹೇಗೆ ತಬ್ಬಿಕೊಳ್ಳಲಿ?